ಉಣ್ಣುವವರು ಬೇಕಾಗಿದ್ದಾರೆ

ಎಳ್ಳ ಅಮಾವಾಸ್ಯೆಯ ದಿನ ನೆಲೋಗಿಯಲ್ಲಿ ಹೊಲ ಇದ್ದವನಿಗಿಂತ ಹೊಲ ಇಲ್ಲದವನಿಗೇ ಬೆಲೆ ಜಾಸ್ತಿ. ನಗಬೇಡಿ, ಖರೇ ಮಾತು. ಚಳಿಗಾಲದ ಆ ಒಂದು ದಿನ ಊರಿಗೆ ಊರೇ ಬುಟ್ಟಿ ಹೊತ್ತುಕೊಂಡು ಹೊಲಕ್ಕೆ ಹೋಗುತ್ತದೆ. ಮಾಡಿದ ಅಡುಗೆಯನ್ನೆಲ್ಲ ಕಲಸಿ, ಬೆಳೆದು ನಿಂತ ಜೋಳದ ನಡುವೆ ಚರಗ ಎಂದು ಚೆಲ್ಲಿ, ಮೊದಲು ಭೂಮಿಗೆ ಉಣಿಸುತ್ತದೆ. ಆಮೇಲೆ ಗಿಡದ ಕೆಳಗೆ ಕಂಬಳಿ ಹಾಸಿ, ಸಜ್ಜೆ ಕಡಬು, ಹಸಿಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ಎಂದು ತಾನೂ ಹೊಟ್ಟೆ ಬಿರಿಯುವಂತೆ ಉಣ್ಣುತ್ತದೆ. ಆದರೆ ಮನೆಯವರಷ್ಟೇ ಉಂಡು ಕೈ ತೊಳೆದರೆ ಅದು ಊಟದ ಲೆಕ್ಕಕ್ಕೆ ಬರುವುದಿಲ್ಲ. ಹೊರಗಿನವನೊಬ್ಬ ಬರಬೇಕು, ಒಲ್ಲೆ ಒಲ್ಲೆ ಎನ್ನುತ್ತಲೇ ಕೂರಬೇಕು, ಉಣ್ಣಬೇಕು. ಈಗ ನೀವೇ ಹೇಳಿ, ಊರಿನವರೆಲ್ಲ ತಂತಮ್ಮ ಹೊಲದಲ್ಲಿ ಕೂತರೆ ಆ ಹೊರಗಿನವನು ಎಲ್ಲಿಂದ ಬರಬೇಕು?

ಬರುತ್ತಿದ್ದವನು ಅಬ್ದುಲ್ ಗನಿ ಒಬ್ಬನೇ. ಅವನು ಗಾದಿ ಹೊಲಿಯುವವನು. ಅವನು ಹಿಂಜಿದ ಹತ್ತಿಯ ಮೇಲೆ ಮಲಗದ ಬೆನ್ನು ನೆಲೋಗಿಯಲ್ಲಿಲ್ಲ. ಹೊಲ ಮಾತ್ರ ಅಂಗೈ ಅಗಲದ್ದೂ ಇರಲಿಲ್ಲ. ಊರಲ್ಲಿ ಹೊಲವಿಲ್ಲದವರು ಬೇರೆಯವರೂ ಇದ್ದರು. ಆದರೆ ಚಳಿ ಬಿತ್ತೆಂದರೆ ಅವರೆಲ್ಲ ಅಫಜಲಪುರದ ಕಡೆ ಕಬ್ಬು ಕಡಿಯಲು ಹೋಗಿಬಿಡುತ್ತಿದ್ದರು. ಗಾದಿಗೆ ಚಳಿಗಾಲವೇ ಸುಗ್ಗಿಯಾದ್ದರಿಂದ ಗನಿ ಊರು ಬಿಡುತ್ತಿರಲಿಲ್ಲ. ಹಾಗಾಗಿ ಜೇವರ್ಗಿ ರಸ್ತೆಯ ಬದಿಯ ಹೊಲಗಳಿಗೆಲ್ಲ ಅವನೊಬ್ಬನೇ ಅತಿಥಿ. ಒಂದು ಹೊಲದಲ್ಲಿ ಉಂಡು ಏಳುವುದರೊಳಗೆ ಮುಂದಿನ ಹೊಲದವರು ಬದುವಿನ ಮೇಲೆ ನಿಂತು ಕಾಯುತ್ತಿದ್ದರು.

ಅತಿಥಿಯಾಗುವುದು ಸುಮ್ಮನೆ ಬರುವ ವಿದ್ಯೆಯಲ್ಲ. ಮೊದಲ ಕರೆ ಕೇಳಿಸಲೇ ಇಲ್ಲವೆಂಬಂತೆ ಮುಂದೆ ಹೋಗಬೇಕು. ಮತ್ತೆ ಕರೆದರೆ ನಿಂತು, "ಈಗಾ ಊಟ ಆಗ್ಯಾದ್ರಿ" ಎಂದು ಹೊಟ್ಟೆ ಸವರಬೇಕು. ಮನೆಯವರು ಓಡಿ ಬಂದು ರಟ್ಟೆ ಹಿಡಿದು ಎಳೆದಾಗ, "ಏ ಬಿಡ್ರಿ, ಬಿಡ್ರಿ" ಎನ್ನುತ್ತಲೇ ಚಪ್ಪಲಿ ಕಳಚಬೇಕು. ಹಿಂದಿನ ಹೊಲದ ಭಜ್ಜಿಯ ಸುದ್ದಿಯನ್ನು ಮುಂದಿನ ಹೊಲದಲ್ಲಿ ಎತ್ತಲೇಬಾರದು. ಗನಿ ಇದರಲ್ಲಿ ಪಳಗಿದ ಮನುಷ್ಯ. ಅವನ ಹಾಗೆ ರಟ್ಟೆ ಕೊಡುವವನು ಸುತ್ತಿನ ಹಳ್ಳಿಗಳಲ್ಲಿ ಇರಲಿಲ್ಲ.

ಅವನಿಗೂ ವರ್ಷಕ್ಕೊಂದು ಸುಖವೆಂದರೆ ಅದೇ. ಬೆಳಿಗ್ಗೆ ಕಿವಿಗೆ ಮಫ್ಲರು ಸುತ್ತಿಕೊಂಡು, ಇಬ್ಬನಿಗೆ ಪೈಜಾಮಾದ ಅಂಚು ತೊಯ್ಯಿಸಿಕೊಂಡು, ಬದುವಿನ ಮೇಲೆ ಕೈ ಬೀಸುತ್ತ ಹೊರಡುತ್ತಿದ್ದ. ದಾರಿಯಲ್ಲಿ ಹಸಿ ಕಡಲೆ ಕಿತ್ತು ಸುಲಿದು ಬಾಯಿಗೆ ಎಸೆದುಕೊಳ್ಳುವುದು, ಬೋರೆ ಗಿಡ ಅಲುಗಿಸಿ ಹುಳಿ ಹಣ್ಣು ಆಯುವುದು, ಯಾರಾದರೂ ಸೀತನಿ ಸುಡುತ್ತಿದ್ದರೆ ಆ ಹಾಲುಗಾಳಿನ ಜೋಳವನ್ನು ಬಿಸಿಬಿಸಿಯಾಗಿ ಅಂಗೈಯಲ್ಲಿ ತಿಕ್ಕಿ ಊದಿ ತಿನ್ನುವುದು. ನೆಲ ನೋಡಿಕೊಂಡು ನಡೆಯುವ ಅಭ್ಯಾಸದಿಂದ ಪ್ರತಿ ವರ್ಷ ಏನಾದರೊಂದು ಸಿಗುತ್ತಲೂ ಇತ್ತು. ಒಂದು ಸಲ ಎತ್ತಿನ ಕೊರಳ ಗಂಟೆ. ಇನ್ನೊಂದು ಸಲ ಗೊಂಬೆಯ ತೋಳು. ಮತ್ತೊಂದು ಸಲ ಕನ್ನಡಕದ ಒಂದೇ ಗಾಜು. ಅದನ್ನು ಕಣ್ಣಿಗೆ ಹಿಡಿದು ನೋಡಿದರೆ ಊರಿನ ಭಾರಿ ಆಳು ಬೀರಣ್ಣ ತೆಳ್ಳಗೆ ಕಂಡನಂತೆ, ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದ.

ಇಂಥ ಗನಿಗೆ ಈ ವರ್ಷ ಹೊಲ ಬಂತು. ಹೆಂಡತಿ ನಜಮುನ್ನಿಸಾಳ ಅಣ್ಣ ಖಲೀಲ ಸೊಲ್ಲಾಪುರದಲ್ಲಿ ಅಂಗಡಿ ಇಟ್ಟು, ರಸ್ತೆ ಬದಿಯ ತನ್ನ ತುಂಡು ಹೊಲವನ್ನು ತಂಗಿಗೆ ಕೊಟ್ಟುಬಿಟ್ಟ. ಅರ್ಧ ಮಣ್ಣು, ಅರ್ಧ ಕಲ್ಲು. ಬಿತ್ತಿದ ಜೋಳ ಮೊಳಕಾಲ ಮಟ್ಟ ಬಂದು, ಇನ್ನು ಸಾಕು ಎಂದು ನಿಂತುಬಿಟ್ಟಿತ್ತು. ಆದರೂ ಗನಿ ದಿನಾ ಸಂಜೆ ಹೋಗಿ ಬದುವಿನ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದ.

ಅಮಾವಾಸ್ಯೆ ಹತ್ತಿರ ಬಂದಾಗ ಬೀರಣ್ಣ ಮನೆಗೆ ಬಂದ. ಅವನದು ಗನಿಯ ಹೊಲಕ್ಕೆ ಹತ್ತಿದ ಹೊಲ. ಆಳು ದೊಡ್ಡವನು, ದನಿ ಅದಕ್ಕಿಂತ ದೊಡ್ಡದು. ಜೊತೆಗೆ ಆಚೆ ಕಡೆಯ ಹೊಲದ ಶಂಕರಲಿಂಗನೂ ಇದ್ದ.

"ಗನಿಸಾಬ್, ನೀ ಹೊಲಾ ಮಾಡಿದ್ದು ನನಗ ಖುಷಿನೇ ಅದ. ಆದ್ರ ಅಮಾಸಿಗಿ ಹ್ಯಾಂಗ?" ಎಂದ ಬೀರಣ್ಣ.

"ಏನು ಹ್ಯಾಂಗ?"

"ನೀ ನಿನ್ನ ಹೊಲದಾಗ ಕೂತಿ ಅಂದ್ರ ನಮ್ಮ ಹೊಲದಾಗ ಉಣ್ಣೋರು ಯಾರು? ಹೊಲಾ ತಗೊಳಾಕ ಮೊದಲ ಊರಾಗ ಒಂದು ಮಾತು ಕೇಳಬೇಕಿಲ್ಲೋ?"

ಶಂಕರಲಿಂಗ ಓದಿಕೊಂಡವನು, ಉಪಾಯ ತಂದಿದ್ದ. "ಕಾಕಾ, ಅದೊಂದು ದಿನದ ಮಟ್ಟಿಗೆ ಹೊಲಾ ನಿಂದಲ್ಲ ಅಂದುಬಿಡು. ಮರುದಿನ ಮತ್ತ ನಿಂದಾ. ಯಾರು ಕೇಳಾಕ ಬರ್ತಾರ?"

ಗನಿಗೆ ಮೈಯೆಲ್ಲ ಉರಿಯಿತು. "ಭಲೇ! ಇಷ್ಟು ವರ್ಷ ನಿಮ್ಮ ಹೊಲದಾಗ ಕೂತು ಉಂಡೀನಿ. ಒಬ್ಬಾಂವಗರೆ ನಾನು ಬಾ ಅಂದೀನೇನು? ಎಲ್ಲಿಗಿ ಬಾ ಅನ್ನಬೇಕಿತ್ತು? ಈಗ ನನಗೂ ಒಂದು ಬದು ಅದ. ಅದರ ಮ್ಯಾಲ ನಿಂತು ಒಬ್ಬ ಮನಷ್ಯಾನ್ನ ಕರೀತೇನಿ, ರಟ್ಟಿ ಹಿಡದು ಎಳೀತೇನಿ, ಕೂಡಿಸಿ ಉಣ್ಣಸ್ತೇನಿ. ನಾ ಎಲ್ಲಿಗೂ ಬರಂಗಿಲ್ಲ."

"ಹಂಗಂದ್ರ ನೀನು ಕರಿಯೋದು ಯಾರನ್ನ?" ಎಂದು ಬೀರಣ್ಣ ಕೇಳಿದ.

"ಯಾರನ್ನ ಅಂದ್ರ? ನಿನ್ನ. ನೀ ಬಾ."

"ಬರ್ತೇನಿ. ನಮ್ಮ ಹೊಲದಾಗ ಯಾರರೆ ಉಂಡ ಮ್ಯಾಲ ಬರ್ತೇನಿ."

ಶಂಕರಲಿಂಗನೂ ಅದನ್ನೇ ಹೇಳಿದ. ಊರವರೆಲ್ಲ ಅದನ್ನೇ ಹೇಳಿದರು. ಮಾಲಕ ಹೊಲ ಬಿಟ್ಟಾಗ ಅತಿಥಿ ಬಂದು ಹಾಗೇ ಹೋದರೆ ಆ ವರ್ಷ ಹೊಲ ಮುನಿಯುತ್ತದೆ ಎಂಬ ಹೆದರಿಕೆ ಎಲ್ಲರಿಗೂ.

ಗನಿ ಫೋನು ಹಿಡಿದು ಕೂತ. ಮಗಳು ಫರಹೀನಳನ್ನು ಆಳಂದ ಕಡೆಯ ಸರಸಂಬಾಕ್ಕೆ ಕೊಟ್ಟಿತ್ತು. ಅವಳು, "ಅಬ್ಬಾ, ನಮ್ಮತ್ತಿ ಮನ್ಯಾಗೂ ಹೊಲಾ ಅದಲ್ಲ? ನೀವಾ ಇಲ್ಲಿಗಿ ಬರ್ರಿ. ನಮಗೂ ಯಾರೂ ಸಿಕ್ಕಿಲ್ಲ" ಎಂದು ಅಳುವುದೊಂದು ಬಾಕಿ. ಜೇವರ್ಗಿಯಲ್ಲಿ ಚಹಾದಂಗಡಿಯ ನಿಜಾಮುದ್ದೀನನಿಗೆ ಹೊಲವಿರಲಿಲ್ಲ. ಆದರೆ ಅವನನ್ನು ದಸರಾದಲ್ಲೇ ಯಾರೋ ಗೊತ್ತು ಮಾಡಿಟ್ಟಿದ್ದರು. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ತೋಟದ ಕೆಲಸಕ್ಕಿದ್ದ ಸಂಬಂಧಿಕನನ್ನು ಕೇಳಿದ. ಅಲ್ಲಿ ಹಾಸ್ಟೆಲ್ಲಿನ ಹುಡುಗರನ್ನು ಸುತ್ತಲಿನ ಹಳ್ಳಿಯವರು ಆಗಲೇ ಹಂಚಿಕೊಂಡಿದ್ದಾರೆ, ಊಟಕ್ಕೆ ಒಗ್ಗದ ದೂರದ ರಾಜ್ಯದ ಹುಡುಗರಿಗೂ ಬಿಡುವಿಲ್ಲ ಎಂದು ಗೊತ್ತಾಯಿತು.

"ಹೋಗಲಿ ಬಿಡ್ರಿ, ರಸ್ತಾದ ಹೊಲ. ಯಾರರೆ ಬರ್ತಾರ" ಎಂದಳು ನಜಮುನ್ನಿಸಾ.

ಅಮಾವಾಸ್ಯೆಯ ಹಿಂದಿನ ದಿನದಿಂದಲೇ ಅವಳು ಒಲೆಯ ಮುಂದಿದ್ದಳು. ಕಡಬು ಕಟ್ಟಿದಳು, ಭಜ್ಜಿ ಕುದಿಸಿದಳು, ರೊಟ್ಟಿ ಬಡಿದಳು, ಗನಿ ಅಡ್ಡ ಬಂದಾಗಲೆಲ್ಲ ಬೈದಳು. ಮನೆಯಲ್ಲಿ ಇಬ್ಬರೂ ದಖನಿ ಉರ್ದುವಿನಲ್ಲೇ ಮಾತಾಡುವವರು. ಜಗಳಕ್ಕೆ ಮಾತ್ರ ಕನ್ನಡ, ಓಣಿಗೆ ಸರಿಯಾಗಿ ಕೇಳಲಿ ಎಂದು. ಹೊಲಕ್ಕೆ ಹೋಗುವಾಗ ಗನಿ, "ಇವತ್ತು ಬರೇ ಕನ್ನಡ ಮಾತಾಡಬೇಕು ನೋಡು. ಹೊಲಕ್ಕ ದಖನಿ ತಿಳಿಯಂಗಿಲ್ಲ" ಎಂದು ಕಟ್ಟಪ್ಪಣೆ ಮಾಡಿದ. ಬಿಸ್ಮಿಲ್ಲಾ ಎಂದು ಚರಗ ಚೆಲ್ಲಿದ. ಕಂಬಳಿ ಹಾಸಿದ. ಸುಕ್ಕು ತೆಗೆದ. ಮತ್ತೆ ಹಾಸಿದ. ಆಮೇಲೆ ಬದುವಿನ ಮೇಲೆ ನಿಂತು ರಸ್ತೆಯ ಕಡೆ ನೋಡಿದ. ರಸ್ತೆಯಲ್ಲಿ ಒಂದು ನಾಯಿ ಹೋಗುತ್ತಿತ್ತು.

ಇತ್ತ ಬೀರಣ್ಣನೂ ನಿಂತಿದ್ದ. ಅತ್ತ ಶಂಕರಲಿಂಗನೂ ನಿಂತಿದ್ದ. ಕಣ್ಣು ಹಾಯುವವರೆಗೆ ಪ್ರತಿ ಬದುವಿನ ಮೇಲೂ ಒಬ್ಬೊಬ್ಬ ಮಾಲಕ ನಿಂತು ಟವೆಲು ಬೀಸುತ್ತಿದ್ದ.

"ಬರ್ರೀ! ಉಣ್ಣಾಕ ಬರ್ರೀ!"

"ನೀವಾ ಬರ್ರೀ! ಬಿಸಿ ಭಜ್ಜಿ ಅದಾ!"

"ನಮ್ಮದೂ ಬಿಸಿನೇ ಅದಾ! ನೀವಾ ಬರ್ರೀ!"

ಯಾರೂ ಒಂದು ಹೆಜ್ಜೆ ಕದಲಲಿಲ್ಲ. ಶಂಕರಲಿಂಗ ಟ್ರ್ಯಾಕ್ಟರಿಗೆ ತರಕಾರಿ ಮಾರುವವರ ಮೈಕು ಕಟ್ಟಿಕೊಂಡು ಬಂದಿದ್ದ. ಅದರಲ್ಲಿ ಕರೆ ತುಂಬಿಸಿ ಬಿಟ್ಟಿದ್ದ. "ಬರ್ರಿ ಬರ್ರಿ, ಶೇಂಗಾ ಹೋಳಿಗಿ ಅದಾವ, ತುಪ್ಪಾ ಅದಾ" ಎಂದು ಅದು ಉಸಿರು ತಗೊಳ್ಳದೆ ಒದರುತ್ತಿತ್ತು. ಆ ಕರೆಗೆ ಓಗೊಟ್ಟು ಬಂದದ್ದು ಅದೇ ನಾಯಿ. ಶಂಕರಲಿಂಗ ಅದರ ಮುಂದೆ ಪತ್ರಾವಳಿ ಇಟ್ಟು, "ಉಣ್ರಿ" ಎಂದ. ನಾಯಿ ಅಲ್ಲಿ ಎರಡು ಕಡಬು ತಿಂದು, ಬೀರಣ್ಣನ ಹೊಲಕ್ಕೂ ಹೋಗಿ ಬಂದು, ಇಬ್ಬರ ನಡುವಿನ ಬದುವಿನ ಮೇಲೆ ಕಾಲು ಚಾಚಿ ಮಲಗಿತು. ನಾಯಿಯನ್ನು ಅತಿಥಿ ಎನ್ನಬಹುದೋ ಇಲ್ಲವೋ ಎಂದು ಇಬ್ಬರೂ ಒಂದಿಷ್ಟು ಹೊತ್ತು ಒದರಾಡಿದರು.

ಬಿಸಿಲು ನೆತ್ತಿಗೆ ಬಂತು. ಹೊಟ್ಟೆ ಚುರುಗುಟ್ಟತೊಡಗಿತು, ಆದರೆ ಅತಿಥಿಗಿಂತ ಮೊದಲು ಮಾಲಕ ಉಣ್ಣುವಂತಿಲ್ಲ. ಕೊನೆಗೆ ಬೀರಣ್ಣ ಮತ್ತು ಶಂಕರಲಿಂಗ ಒಂದು ರಾಜಿಗೆ ಬಂದರು. ಇಬ್ಬರೂ ಹೊಲ ಬಿಡುವಂತಿಲ್ಲ, ಇಬ್ಬರೂ ಒಬ್ಬರಿಗೊಬ್ಬರು ಅತಿಥಿಯಾಗಬೇಕು. ಅವರ ಹೊಲಗಳು ಗನಿಯ ಹೊಲದ ಹಿಂದೆ ಒಂದು ಕಡೆ ಕೂಡುತ್ತಿದ್ದವು. ಅಲ್ಲಿ ನಾಯಿಯನ್ನು ಎಬ್ಬಿಸಿ, ಬದುವಿನ ಮೇಲೆ ಎದುರುಬದುರಾಗಿ ಕೂತು, ಒಂದೊಂದು ಕಾಲನ್ನು ಎದುರಿನವನ ಹೊಲಕ್ಕೆ ಚಾಚಿ, ಕೈ ಉದ್ದ ಮಾಡಿ ಎದುರಿನವನ ಪತ್ರಾವಳಿಯಿಂದ ತುತ್ತು ಎತ್ತಿದರು.

"ತಡೀರಿ" ಎಂದಳು ಬೀರಣ್ಣನ ಹೆಂಡತಿ ನಿಂಬೆವ್ವ. ಅವಳಿಗೆ ಎಲ್ಲ ಕಾಯದೆಯಂತೆ ಆಗಬೇಕು. "ಕಾಲು ಅಲ್ಲಿದ್ರ ಏನಾತು? ಉಣ್ಣಾದು ಕಾಲೇನು? ಹೊಟ್ಟಿ ಯಾರ ಹೊಲದಾಗದನೋ ಅವರ ಊಟ ಅದು."

ಇಬ್ಬರೂ ಹೊಟ್ಟೆಯನ್ನು ಎದುರಿನವನ ಹೊಲಕ್ಕೆ ಸಾಗಿಸಲು ನೋಡಿದರು. ಶಂಕರಲಿಂಗನದು ಹೋಯಿತು. ಬೀರಣ್ಣನ ಹೊಟ್ಟೆ ಎರಡೂ ಹೊಲದಲ್ಲಿ ಉಳಿಯಿತು. ತಕರಾರಿಗೆ ಬಿದ್ದು ಇಬ್ಬರೂ ತುತ್ತು ಕೆಳಗಿಟ್ಟು ಎದ್ದರು.

ಇದನ್ನೆಲ್ಲ ನೋಡುತ್ತ ಗನಿಗೆ ನಗು ಬರಬೇಕಿತ್ತು, ಬರಲಿಲ್ಲ. ಭಜ್ಜಿಯ ಮೇಲೆ ಕೆನೆಗಟ್ಟುತ್ತಿತ್ತು. ಅದನ್ನು ಬಿಸಿ ಮಾಡಲು ಒಲೆಗುಂಡು ಹುಡುಕಿಕೊಂಡು ಅವನು ರಸ್ತೆಯ ಬದಿಯ ಕೊರಕಲಿಗೆ ಇಳಿದ. ಒಂದು ಚಪ್ಪಟೆ ಕಲ್ಲು ಎಬ್ಬಿಸಿದ. ಅದರ ಕೆಳಗೆ ಮಣ್ಣಿನಲ್ಲಿ ಹೂತು ತಗಡೊಂದು ಇತ್ತು. ಎಳೆದು ತೆಗೆದು ಮಫ್ಲರಿನಿಂದ ಉಜ್ಜಿದ. ತುಕ್ಕಿನ ನಡುವೆ ಅಕ್ಷರ ಎದ್ದವು: ಕೋರಿಕೆ ನಿಲುಗಡೆ.

ಯಾವ ಕಾಲದ ಬಸ್ಸಿನ ಬೋರ್ಡೋ, ಯಾವ ಊರಿನ ಗಾಳಿಗೆ ಹಾರಿ ಬಂದದ್ದೋ. ಗನಿ ಅದನ್ನೇ ನೋಡುತ್ತ ಕೂತ. ಆಮೇಲೆ ಅವನ ಮುಖ ಬೆಳಗಿತು.

"ಏ, ಆ ಬಡಿಗಿ ಕೊಡು ಇಲ್ಲಿ" ಎಂದು ಹೆಂಡತಿಗೆ ಕೂಗಿದ.

"ಏನು ಮಾಡಾಕತ್ತೀರಿ? ಸರಕಾರದ್ದು ಅದು, ಹಿಡಕೊಂಡು ಹೋದಾರು ನಿಮ್ಮನ್ನ!"

"ಕೋರಿಕಿ ಅಂದ್ರೇನು? ಬೇಡಕೊಳ್ಳಾದು. ನಾನೂ ಅದನ್ನಾ ಮಾಡಾಕತ್ತೇನಿ. ಇದರಾಗ ಸುಳ್ಳು ಎಲ್ಲದ?"

ಬಡಿಗೆಗೆ ತಗಡು ಕಟ್ಟಿ ರಸ್ತೆಯ ಅಂಚಿನಲ್ಲಿ ನೆಟ್ಟ. ಅದರ ಪಕ್ಕ ತಾನೂ ಬೆನ್ನು ನೆಟ್ಟಗೆ ಮಾಡಿ ನಿಂತ. ಸ್ವಲ್ಪ ಹೊತ್ತಿಗೆ ಅಫಜಲಪುರದ ಕಡೆಯಿಂದ ಜೇವರ್ಗಿಗೆ ಹೋಗುವ ಬಸ್ಸು ಧೂಳೆಬ್ಬಿಸುತ್ತ ಬಂತು. ಡ್ರೈವರ್ ಬೋರ್ಡು ನೋಡಿದ, ತಲೆ ಕೆರೆದುಕೊಂಡ, ಬ್ರೇಕು ಒತ್ತಿದ. ಸರಕಾರಿ ಅಕ್ಷರಕ್ಕೆ ಅಷ್ಟು ಮರ್ಯಾದೆ ಇನ್ನೂ ಉಳಿದಿದೆ ನೋಡಿ.

ಕಂಡಕ್ಟರ್ ಅನೀಲಕುಮಾರ ಬಾಗಿಲಲ್ಲಿ ತಲೆ ಹಾಕಿ, "ಯಾರು ಇಳಿಯೋರು?" ಎಂದು ಒಳಗೆ ಕೇಳಿದ. ಯಾರೂ ಇಲ್ಲ. "ಯಾರು ಹತ್ತೋರು?" ಎಂದು ಹೊರಗೆ ಕೇಳಿದ.

"ಯಾರೂ ಹತ್ತಂಗಿಲ್ರಿ" ಎಂದ ಗನಿ. "ನೀವಾ ಇಳೀರಿ. ಉಂಡು ಹೋಗ್ರಿ."

"ಏನು?"

"ಊಟ. ಸಜ್ಜಿ ಕಡಬ ಅದಾವ. ಭಜ್ಜಿ ಅದ. ನಮ್ಮ ಹೊಲದಾಗ ಮೊದಲನೇ ಅಮಾಸಿ ಅದ್ರಿ, ಒಲ್ಲೆ ಅನಬ್ಯಾಡ್ರಿ."

"ಕಾಕಾ, ಬಸ್ಸು ಬಿಟ್ಟು ಉಣ್ಣಾಕ ಕೂತ್ರ ನನ್ನ ನೌಕರಿ ಹೋಗ್ತದ. ಮುಂದ ಹೋಗಬೇಕ್ರಿ ನಾವು."

ಇದು ಮೊದಲ ಒಲ್ಲೆ. ಗನಿಗೆ ಗೊತ್ತಿತ್ತು, ಇದು ಲೆಕ್ಕಕ್ಕಿಲ್ಲ. ಆ ಹೊತ್ತಿಗೆ ಗಾಳಿ ತಿರುಗಿ ನಜಮುನ್ನಿಸಾ ಹೂಡಿದ್ದ ಒಲೆಯ ಮೇಲಿನ ಭಜ್ಜಿಯ ವಾಸನೆ ಬಸ್ಸಿನೊಳಗೆ ಹೊಕ್ಕಿತು. ಕಿಟಕಿಗೆ ತಲೆಗಳು ಬಂದವು. ಅನೀಲಕುಮಾರ ಹೊಟ್ಟೆ ಸವರಿಕೊಂಡ. ಇದು ಎರಡನೆಯದು. ಒಂದು ಕಾಲು ಮೆಟ್ಟಿಲಿನಿಂದ ಕೆಳಗಿಟ್ಟ. ಅವನ ಹಿಂದೆ ಸಾಬವ್ವ ಎಂಬ ಮುದುಕಿಯೊಬ್ಬಳು ಕೈಚೀಲ ಹಿಡಿದು ಇಳಿಯತೊಡಗಿದಳು. "ಬೆಳಿಗ್ಗಿಂದ ಬರೇ ಚಾದ ಮ್ಯಾಲ ಇದ್ದೀನವ್ವ" ಎಂದಳು ಯಾರಿಗೋ.

ಈಗ ರಟ್ಟೆ ಹಿಡಿಯಬೇಕು. ಗನಿಗೆ ಗೊತ್ತಿತ್ತು, ಈಗಲೇ ಹಿಡಿಯಬೇಕು. ಆದರೆ ಕೈ ಏಳಲಿಲ್ಲ. ಇಷ್ಟು ವರ್ಷ ಎಳೆಸಿಕೊಂಡು ಎಳೆಸಿಕೊಂಡು ಅವನಿಗೆ ಎಳೆಯುವುದು ಹೇಗೆಂದೇ ಗೊತ್ತಿರಲಿಲ್ಲ. ಎಷ್ಟು ಬಿಗಿಯಾಗಿ ಹಿಡಿಯಬೇಕು? ನೋವಾದರೆ? ಸಿಟ್ಟಾದರೆ? "ಬರ್ರಿ... ಬರ್ರಿ..." ಎನ್ನುತ್ತ ಕೈ ಚಾಚಿಕೊಂಡು ಮರ್ಯಾದೆಯಿಂದ ನಿಂತ.

ಅಷ್ಟರಲ್ಲಿ ಹಿಂದೆ ನೆಲ ನಡುಗಿತು. ಬದುಗಳ ಮೇಲೆ ಬೀಸುತ್ತಿದ್ದ ಟವೆಲುಗಳೆಲ್ಲ ಒಮ್ಮೆಗೇ ನಿಂತು, ಮಾಲಕರೆಲ್ಲ ಧೋತ್ರ ಎತ್ತಿಕಟ್ಟಿ ಓಡಿ ಬರುತ್ತಿದ್ದರು. ನಿಂತ ಬಸ್ಸನ್ನು ಬಿಟ್ಟುಕೊಡಲು ಅವರೇನು ಹುಚ್ಚರೇ? ಹೊಲ ಬಿಡಬಾರದೆಂಬ ಹೆದರಿಕೆ ಎಲ್ಲಿ ಹೋಯಿತೋ. ಶಂಕರಲಿಂಗ ಟ್ರ್ಯಾಕ್ಟರನ್ನೇ ಓಡಿಸಿಕೊಂಡು ಬಂದ, ಮೈಕು ಇನ್ನೂ ಹೋಳಿಗೆ ತುಪ್ಪ ಎಂದು ಕೂಗುತ್ತಲೇ ಇತ್ತು. ಅನೀಲಕುಮಾರನ ರಟ್ಟೆ ಹಿಡಿದು ಟ್ರ್ಯಾಕ್ಟರಿನ ಮೇಲೆ ಎಳೆದುಕೊಂಡ. "ಏ ಬಿಡ್ರಿ, ಬಿಡ್ರಿ" ಎಂದು ಅನೀಲಕುಮಾರ ನಗುತ್ತಲೇ ಹತ್ತಿ ಕೂತ. ಬೀರಣ್ಣ ಡ್ರೈವರನನ್ನು ಅವನ ಬಾಗಿಲಿನಿಂದಲೇ ಇಳಿಸಿಕೊಂಡ. ನಿಂಬೆವ್ವ ಮಾತಿಗೇ ಹೋಗಲಿಲ್ಲ, ಸಾಬವ್ವನ ಕೈಚೀಲ ಕಸಿದುಕೊಂಡು ಹೊಲದ ಕಡೆ ನಡೆದಳು. ಚೀಲ ಹೋದಲ್ಲಿ ಚೀಲದವಳು ಹೋಗಲೇಬೇಕಲ್ಲ, ಸಾಬವ್ವನೂ ಹಿಂದೆಯೇ ಹೋದಳು. ಉಳಿದ ಪ್ರಯಾಣಿಕರನ್ನು ಹೊಲಕ್ಕಿಷ್ಟು ಎಂದು ಹಂಚಿಕೊಂಡರು. ಗಂಡ ಹೆಂಡತಿ ಇಬ್ಬರನ್ನು ಬೇರೆ ಬೇರೆ ಹೊಲದವರು ಎಳೆದುಕೊಂಡು ಹೋದದ್ದೂ ಉಂಟು.

ಧೂಳು ಅಡಗಿದಾಗ ಬೋರ್ಡು, ಬಸ್ಸು ಮತ್ತು ಗನಿ ಉಳಿದಿದ್ದರು.

ಗನಿ ಬಸ್ಸು ಹತ್ತಿ ನೋಡಿದ. ಹಿಂದಿನ ಸೀಟಿನಲ್ಲಿ ಒಬ್ಬ ಮನುಷ್ಯ ಶಾಲು ಹೊದ್ದು ನಿದ್ದೆ ಹೋಗಿದ್ದ! ಗನಿ ಈ ಸಲ ಬಿಡಲಿಲ್ಲ, ರಟ್ಟೆ ಹಿಡಿದೇಬಿಟ್ಟ. "ಏಳ್ರಿ, ಉಣ್ಣಾಕ ಏಳ್ರಿ!"

ಮನುಷ್ಯ ಕಣ್ಣು ಬಿಟ್ಟ. "ಜೇವರ್ಗಿ ಬಂತೇನ್ರಿ?"

"ಜೇವರ್ಗಿ ಎಲ್ಲಿಗಿ ಹೋಗ್ತದ್ರಿ, ಇರ್ತದ. ಕಡಬ ಆರಾಕತ್ತಾವ. ಬರ್ರಿ."

ಮನುಷ್ಯನ ಮುಖ ಬಾಡಿತು. "ನನ್ನ ನಸೀಬಾನೇ ಹಿಂಗದ ನೋಡ್ರಿ. ಹೊಟ್ಟಿ ಸ್ಕ್ಯಾನಿಂಗ್ ಅದ. ನೀರು ಸೈತ ಕುಡೀಬ್ಯಾಡ ಅಂದಾರ ಡಾಕ್ಟರು. ಸಜ್ಜಿ ಕಡಬೇನ್ರಿ?"

"ಸಜ್ಜಿ ಕಡಬ."

"ಭಜ್ಜಿನೂ ಅದ?"

"ಅದ."

ಆಮೇಲೆ ಆ ಮನುಷ್ಯ ವಾಸನೆ ತಡೆಯಲಾರದೆ ಮೂಗಿನ ಮೇಲೆ ಶಾಲು ಎಳೆದುಕೊಂಡು ಮಲಗಿದ. ಗನಿ ಇಳಿದು ಬಂದ.

ಕಂಬಳಿಯ ಮೇಲೆ ಕುಕ್ಕರಿಸಿದವನೇ ಅವನು ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡ.

"ಹೊಲಾ ನಿಮ್ಮಣ್ಣಗ ವಾಪಸ್ ಕೊಟ್ಟುಬಿಡು" ಎಂದ. "ಹಂಗಿಸಿಕೊಳ್ಳಾಕ ಯಾಕ ಬೇಕು ಈ ಹೊಲಾ? ನನ್ನ ಕರಿಗಿ ಒಂದು ಮನಷ್ಯಾ ಬರಲಿಲ್ಲ. ನಾ ನಿಲ್ಲಿಸಿದ ಬಸ್ಸು, ನಾ ಕರದ ಮಂದಿ, ಒಬ್ಬರರೆ ಉಳೀಲಿಲ್ಲಲ್ಲ! ಮುಂದಿನ ವರ್ಷದಿಂದ ನಾನು ಮತ್ತ ಬೀರಣ್ಣನ ಹೊಲಕ್ಕಾ ಹೋಗ್ತೇನಿ. ನನಗ ಬರೇ ಉಣ್ಣಾಕ ಬರ್ತದ, ಉಣ್ಣಸಾಕ ಬರಂಗಿಲ್ಲ." ಅರವತ್ತು ದಾಟಿದ ಗಂಡಸು ಕಡಬಿನ ಬುಟ್ಟಿಯ ಮುಂದೆ ಕೂತು ಅತ್ತ. ನಗುವವರು ನಗಲಿ, ಅವನಿಗೆ ಅಷ್ಟು ಬೇಜಾರಾಗಿತ್ತು.

ಕೊಡದಲ್ಲಿ ನೀರು ಮುಗಿದಿತ್ತು. ನಜಮುನ್ನಿಸಾ ಸೆರಗು ತಲೆಯ ಮೇಲೆ ಎಳೆದುಕೊಂಡು, ಕೊಡ ಎತ್ತಿಕೊಂಡು, ರಸ್ತೆಯ ಆಚೆ ದೂರದಲ್ಲಿದ್ದ ಬೋರಿಗೆ ಹೋದಳು.

ಗನಿ ಮುಖ ಒರೆಸಿಕೊಂಡು ಮತ್ತೆ ರಸ್ತೆಯ ಕಡೆ ನೋಡಿದ. ನೋಡುವುದು ಬಿಡಲು ಆಗುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬಿಸಿಲಿನ ಝಳದಲ್ಲಿ ರಸ್ತೆಯ ಮೇಲೆ ಯಾರೋ ಬರುತ್ತಿರುವುದು ಕಾಣಿಸಿತು. ಹೆಣ್ಣುಮಗಳು. ಸೊಂಟದಲ್ಲಿ ಕೊಡ, ಒಂದು ಕಡೆಗೆ ವಾಲಿದ ನಡಿಗೆ, ಬಿಸಿಲಿಗೆ ಮುಖದ ತುಂಬ ಸೆರಗು. ದಣಿದಿದ್ದಳು. ಗನಿ ಹಿಂದೆ ಮುಂದೆ ನೋಡದೆ ಬದುವಿಗೆ ಜಿಗಿದು ನಿಂತು ಟವೆಲು ಬೀಸಿದ.

"ಬರ್ರೀ! ಉಣ್ಣಾಕ ಬರ್ರೀ! ನಮ್ಮ ಹೊಲಕ್ಕ ಬರ್ರೀ!"

ಹೆಣ್ಣುಮಗಳು ನಿಂತಳು. ಸೆರಗು ಸರಿಸಿದಳು. ನಜಮುನ್ನಿಸಾ.

ಗನಿಯ ಟವೆಲು ಗಾಳಿಯಲ್ಲೇ ನಿಂತಿತು. ಥೂ ಎಂದುಕೊಂಡ. ಆದರೆ ಕರೆದದ್ದನ್ನು ತಿರುಗಿ ನುಂಗುವುದು ಹೇಗೆ? ನುಂಗಲಿಲ್ಲ.

"ಯಾರಿಗಿ ಕರದ್ರಿ?" ಎಂದಳು ಅವಳು.

"ನಿಮಗ" ಎಂದ ಗನಿ. ಹೆಂಡತಿಗೆ ಅವನು ಎಂದೂ ಬಹುವಚನ ಹಚ್ಚಿದವನಲ್ಲ. ನಾಲಿಗೆ ತಾನಾಗಿಯೇ ಹಚ್ಚಿತು.

ಅವಳು ರಸ್ತೆಯ ಮೇಲೇ ನಿಂತಿದ್ದಳು. "ನಮ್ಮ ಲಗ್ನ ಆಗಿ ಎಷ್ಟು ಅಮಾಸಿ ಹೋದ್ವು?" ಎಂದಳು. "ಎಲ್ಲಾ ಹೊಲದವರೂ ಗನಿಸಾಬ್ ಬಾ, ಗನಿಸಾಬ್ ಬಾ ಅಂದ್ರು. ನೀವು ಬದುವಿನ ಮ್ಯಾಲ ಮದುಮಗನಂಗ ಮೆರಕೋತ ಹೋದ್ರಿ. ನಾ ಮನ್ಯಾಗ ಕೂತು ಅವರ ಗಾದಿಗಿ ಖೋಳಾ ಹೊಲೀತಿದ್ದೆ. ಸಂಜಿಗಿ ನೀವು ಅರಿವ್ಯಾಗ ಕಟಗೊಂಡು ತಂದ ತಂಗಳ ಕಡಬ ತಿಂತಿದ್ದೆ. ಒಬ್ಬರರೆ, ಒಂದು ಸಲರೆ, ನಜಮುನ್ನಿಸಾ ನೀನೂ ಬಾ ಅಂದಾರೇನು? ನೀವರೆ ಒಂದು ಸಲ, ನನ್ನ ಹೇಣ್ತಿನೂ ಅದಾಳ ಅಂದೀರೇನು?"

ಅಂದಿರಲಿಲ್ಲ. ಗನಿಗೆ ಅದು ಹೊಳೆದೂ ಇರಲಿಲ್ಲ. ಅಷ್ಟು ಹೊಲ, ಅಷ್ಟು ಕಡಬು, ಅಷ್ಟು ಉಪಚಾರ. ಒಂದು ತುತ್ತಿನ ನಡುವೆಯೂ ಹೊಳೆದಿರಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು.

"ಈಗ ಕರದೀನಲ್ಲ" ಎಂದ ಮೆಲ್ಲಗೆ.

ಅವಳ ದನಿ ಏರಿತು. "ಹೊಲಾ ನಮ್ಮಣ್ಣ ಕೊಟ್ಟಿದ್ದು. ಅಡಗಿ ನಾ ಮಾಡಿದ್ದು. ಕಂಬಳಿ ನಮ್ಮಮ್ಮಿ ಕೊಟ್ಟಿದ್ದು. ಇದರಾಗ ನಿಮ್ಮದೇನದ ಅಂತ ನನ್ನ ಕರೀತೀರಿ?"

ಗನಿ ಯೋಚನೆ ಮಾಡಿದ. ಕಂಬಳಿ ನೋಡಿದ, ಬುಟ್ಟಿ ನೋಡಿದ, ಕಲ್ಲಿನ ನಡುವಿನ ಜೋಳ ನೋಡಿದ. ಅವಳ ಮಾತು ಖರೇ ಇತ್ತು.

"ಕರಿಯೋದು ನಂದು" ಎಂದ.

ನಜಮುನ್ನಿಸಾ ಅವನನ್ನು ದಿಟ್ಟಿಸಿ ನೋಡಿದಳು. ಕೊಡವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು. ಆಮೇಲೆ ರಸ್ತೆಯ ಮುಂದಕ್ಕೆ ನೋಡುತ್ತ, "ಈಗಾ ಊಟ ಆಗ್ಯಾದ್ರಿ" ಎಂದಳು.

ಗನಿ ಬದು ಇಳಿದು ಓಡಿದ. ಚಪ್ಪಲಿಯನ್ನೂ ಮೆಟ್ಟಲಿಲ್ಲ, ಕಲ್ಲು ಮುಳ್ಳು ನೋಡಲಿಲ್ಲ. ಮಾತಾಡದೆ ಅವಳ ಸೊಂಟದ ಕೊಡ ಕಸಿದು ತನ್ನ ಹೆಗಲಿಗೇರಿಸಿಕೊಂಡ, ಇನ್ನೊಂದು ಕೈಯಲ್ಲಿ ಅವಳ ರಟ್ಟೆ ಹಿಡಿದ. ಈ ಸಲ ಕೈ ಎದ್ದಿತು. ಎಷ್ಟು ಬಿಗಿಯಾಗಿ ಹಿಡಿಯಬೇಕೆಂದು ಕೈಗೇ ಗೊತ್ತಾಯಿತು. "ಏ ಬಿಡ್ರಿ, ಮಂದಿ ನೋಡ್ತಾರ, ಬಿಡ್ರಿ" ಎನ್ನುತ್ತಲೇ ಅವಳು ಬಂದಳು.

ಕಂಬಳಿಯ ನಡುವೆ ಅವಳನ್ನು ಕೂಡಿಸಿದ. ಕೈಗೆ ನೀರು ಹಾಕಿದ. ಪತ್ರಾವಳಿಯ ಮೇಲೆ ಕಡಬು ಇಟ್ಟ, ಭಜ್ಜಿ ಸುರಿದ, ಒಂದಿಷ್ಟು ಕಂಬಳಿಗೂ ಚೆಲ್ಲಿದ. ಹೋಳಿಗೆಯ ಮೇಲೆ ತುಪ್ಪ ಹಾಕಿದ. ನಿಂತುಕೊಂಡೇ ಬಡಿಸಬೇಕೋ, ಕೂತು ಬಡಿಸಬೇಕೋ ತಿಳಿಯದೆ ಅರ್ಧ ಬಗ್ಗಿಕೊಂಡೇ ಇದ್ದ. ನಜಮುನ್ನಿಸಾ ಕಣ್ಣು ಒರೆಸಿಕೊಂಡು ಉಣ್ಣತೊಡಗಿದಳು. ತಾನೇ ಕಟ್ಟಿದ ಕಡಬನ್ನು ಮೊದಲ ಸಲ ನೋಡುವವಳಂತೆ ತಿರುಗಿಸಿ ತಿರುಗಿಸಿ ನೋಡಿದಳು. "ಉಪ್ಪು ಸ್ವಲ್ಪ ಕಡಿಮಿ ಆಗ್ಯಾದ" ಎಂದಳು.

"ಮಾಡಿದವರಿಗಿ ಹೇಳ್ತೇನ್ರಿ" ಎಂದ ಗನಿ.

ಅಷ್ಟು ಹೊತ್ತಿಗೆ ಉಳಿದ ಹೊಲಗಳಲ್ಲಿ ಬಸ್ಸಿನವರ ಊಟ ಮುಗಿದಿತ್ತು. ಎಲ್ಲರೂ ಏದುಸಿರು ಬಿಡುತ್ತ ಬಸ್ಸಿನ ಕಡೆ ಬರುತ್ತಿದ್ದರು. ಬೀರಣ್ಣ, ಶಂಕರಲಿಂಗ, ನಿಂಬೆವ್ವ ಮೂವರೂ ಗನಿಯ ಬದುವಿಗೆ ಬಂದು ನಿಂತರು. ತಮ್ಮಲ್ಲಿ ಅತಿಥಿ ಉಂಡ ಮೇಲೆ ಬರುತ್ತೇವೆಂದು ಕೊಟ್ಟ ಮಾತು ಅವರಿಗೆ ನೆನಪಿತ್ತು. ಅವರ ಹಿಂದೆ ಅನೀಲಕುಮಾರನೂ ಇದ್ದ, ಸಾಬವ್ವನೂ ಇದ್ದಳು. ಮೊದಲು ಕರೆದವನ ಹೊಲದಲ್ಲಿ ಒಂದು ತುತ್ತಾದರೂ ಉಣ್ಣದೆ ಹೋಗಲು ಅವರಿಗೂ ಮನಸ್ಸಾಗಿರಲಿಲ್ಲ.

"ಗನಿಸಾಬ್, ನಮ್ಮ ಹೊಲದಾಗ ಬರೋಬ್ಬರಿ ಆತು. ಈಗ ಹಾಕು ನೋಡೋಣು ನಿನ್ನ ಕಡಬ" ಎಂದು ಬೀರಣ್ಣ ಕಾಲು ಎತ್ತಿ ಬದು ದಾಟಲು ಹೊರಟ.

ಗನಿ ಕೈ ಅಡ್ಡ ಹಿಡಿದ.

"ತಡೀರಿ. ನಮ್ಮ ಹೊಲದಾಗ ಮಂದಿ ಉಣ್ಣಾಕತ್ತಾರ."

ಬೀರಣ್ಣ ಎತ್ತಿದ ಕಾಲು ಹಾಗೇ ಹಿಡಿದು ಹೊಲದ ತುಂಬ ನೋಡಿದ. ಗಿಡದ ಕೆಳಗೆ ನೋಡಿದ, ಜೋಳದ ಸಾಲಿನಲ್ಲಿ ನೋಡಿದ. "ಯಾರು? ಎಲ್ಲದಾರ?"

"ಕಾಣಂಗಿಲ್ಲೇನು?" ಎಂದ ಗನಿ. "ಅವರದು ಆಗಲಿ. ಆಮ್ಯಾಲ ನಿಮ್ಮನ್ನ ಕರೀತೇನಿ."

ಬೀರಣ್ಣ ಕಾಲು ಹಿಂದೆ ತೆಗೆದುಕೊಂಡ. ಎಲ್ಲರೂ ಬದುವಿನಾಚೆ ಸಾಲಾಗಿ ನಿಂತು ಕಾದರು. ನಜಮುನ್ನಿಸಾ ಆತುರ ಮಾಡದೆ ಇನ್ನೊಂದು ಕಡಬು ಮುರಿದಳು.